ವಸಡಿನ ಫೋಟೊ ತೆಗೆಯುವ ಮುನ್ನ

ಮನೆಯಲ್ಲಿ ಹಿರಿಯರಿರುವವರ ಗಮನಕ್ಕೆ. ಫೋಟೊ ನೋಡಿ ವಸಡಿನ ರೋಗದ ಸುಳಿವು ಕೊಡುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಬರುತ್ತಿವೆ. ಬಳಸಿ, ಆದರೆ ಫೋಟೊ ಸರಿಯಿರಲಿ. ನಮ್ಮ ಅಮ್ಮನ ಮೊದಲ ಫೋಟೊದಲ್ಲಿ ಫ್ಲ್ಯಾಷ್ ಬೆಳಕು ಜೊಲ್ಲಿನ ಮೇಲೆ ಬಿದ್ದು ವಸಡೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಹಲ್ಲಿನ ಸೆಟ್ ತೆಗೆಸಿ, ಬಾಯಿ ಮುಕ್ಕಳಿಸಲು ಹೇಳಿ, ಕಿಟಕಿಯ ಪಕ್ಕ ಕೂರಿಸಿ, ಚಮಚದ ಹಿಡಿಯಿಂದ ಕೆನ್ನೆಯನ್ನು ಮೆಲ್ಲಗೆ ಸರಿಸಿದಾಗಲೇ ಉಳಿದ ಸ್ವಂತ ಹಲ್ಲುಗಳ ಬುಡದ ಕೆಂಪು ಗೆರೆ ಕಂಡಿತು.

ಕ್ಯಾಮೆರಾಕ್ಕೆ ಬಣ್ಣ, ಊತ ಕಾಣುತ್ತದೆ. ಹಲ್ಲು ಮತ್ತು ವಸಡಿನ ನಡುವಿನ ಸಂದಿಯ ಆಳ ಕಾಣುವುದಿಲ್ಲ. ದಂತವೈದ್ಯರು ಅದನ್ನು ಗೆರೆಗಳಿರುವ ಸಣ್ಣ ಕಡ್ಡಿಯಿಂದ ಅಳೆಯುತ್ತಾರೆ: 3 ಮಿ.ಮೀ.ವರೆಗೆ ಸಾಮಾನ್ಯ, 4 ಅಥವಾ ಹೆಚ್ಚಿದ್ದರೆ ಗಮನ ಬೇಕು. ಬೀಡಿ, ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಬರುವುದೇ ಕಡಿಮೆ, ರೋಗ ಮರೆಯಲ್ಲೇ ಬೆಳೆಯುತ್ತದೆ. ಆದ್ದರಿಂದ ಆ್ಯಪ್ ‘ತೊಂದರೆ ಇಲ್ಲ’ ಎಂದರೂ ಹಲ್ಲು ಅಲುಗಾಡುತ್ತಿದ್ದರೆ, ಬಾಯಿಯ ವಾಸನೆ ಹೋಗದಿದ್ದರೆ ದಯವಿಟ್ಟು ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರಂತೂ ತಡಮಾಡಬೇಡಿ. ಏರಿದ ಸಕ್ಕರೆ ವಸಡನ್ನು ಕೆಡಿಸುತ್ತದೆ, ಕೆಟ್ಟ ವಸಡು ಸಕ್ಕರೆಯನ್ನು ಹತೋಟಿಗೆ ಬರಗೊಡುವುದಿಲ್ಲ.

ಹೋಗುವಾಗ ಆ ಫೋಟೊ ಜೊತೆಗೆ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ.