ಕಬ್ಬಿನ ಹೊಲದಲ್ಲಿ ಹಾಲೂಡಿಸುವ ಹೊತ್ತು

ಮುಧೋಳ ತಾಲ್ಲೂಕಿನ ನಮ್ಮ ಭಾಗಕ್ಕೆ ದೀಪಾವಳಿ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಮಹಾರಾಷ್ಟ್ರದ ಬೀಡ ಕಡೆಯವರು, ವಿಜಯಪುರದ ತಾಂಡಾಗಳವರು. ಹೊಲದ ದಂಡೆಗೆ ತಾಡಪತ್ರಿ ಗುಡಿಸಲು ಏಳುತ್ತವೆ. ನಾನು ಆಶಾ ಕಾರ್ಯಕರ್ತೆ. ನನ್ನ ಸರ್ವೆ ಪಟ್ಟಿಯಲ್ಲಿ ಇವರಿಲ್ಲ, ತಾಯಿ ಕಾರ್ಡು ಅವರೂರಿನದು. ಆದರೆ ಎರಡು ತಿಂಗಳ ಕೂಸು ಅಳುತ್ತಿರುವಾಗ ಪಟ್ಟಿ ನೋಡುತ್ತ ಕೂರಲಾಗದು.

ಈ ತಾಯಂದಿರಿಗೆ ಎದೆಹಾಲಿನ ಮಹತ್ವ ಹೇಳುವುದೇ ದೊಡ್ಡ ಕೆಲಸ ಎಂದು ನಾನು ಒಪ್ಪುವುದಿಲ್ಲ. ಹುಟ್ಟಿದ ಒಂದು ತಾಸಿನೊಳಗೆ ಗಿಣ್ಣು ಹಾಲು, 6 ತಿಂಗಳವರೆಗೆ ನೀರೂ ಬೇಡ, ಬರೀ ಎದೆಹಾಲು ಎಂದು ಹೆಚ್ಚಿನವರು ತಾವೇ ಹೇಳುತ್ತಾರೆ. ಅವರಿಗೆ ಇಲ್ಲದ್ದು ಹೊತ್ತು. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ ಎಂದು ಲೆಕ್ಕ, ಮುಂಗಡವೂ ಇಬ್ಬರ ಮೇಲೆ. ನಸುಕಿನಲ್ಲೇ ಹೊಲಕ್ಕಿಳಿದರೆ ಅವನು ಕಡಿಯುತ್ತಾನೆ, ಇವಳು ರವದಿ (ಕಬ್ಬಿನ ಒಣ ಎಲೆ) ಸುಲಿದು, ಹೊರೆ ಕಟ್ಟಿ ಗಾಡಿಗೆ ಹೊರುತ್ತಾಳೆ. ಇವಳು ಕೂತರೆ ಅವನ ಕೈಯೂ ನಿಂತಂತೆ. ಕೂಸು ಗುಡಿಸಲಲ್ಲಿ ಆರೇಳು ವರ್ಷದ ಅಕ್ಕನ ಮಡಿಲಲ್ಲಿ. ಅತ್ತರೆ ಸಕ್ಕರೆ ನೀರು, ಇಲ್ಲಾ ಚಹಾದಲ್ಲಿ ಅದ್ದಿದ ಬಿಸ್ಕೀಟು. ಮುಂದೆ ಭೇದಿ.

ಹಾಗಾಗಿ ನಾನು ಮೊದಲು ಮಾತಾಡುವುದು ಗ್ಯಾಂಗನ್ನು ಕರೆತರುವ ಮುಕಾದಮನ ಜೊತೆ, ಆಮೇಲೆ ಗಂಡನ ಜೊತೆ.

"ಗಾಡಿ ನಿಂತರ ಫ್ಯಾಕ್ಟರಿಯವರು ನನ್ನ ಕೇಳ್ತಾರ್ರೀ ಅಕ್ಕಾರ" ಎಂದ ಒಬ್ಬ ಮುಕಾದಮ.

"ಕೂಸಿಗೆ ಭೇದಿ ಹತ್ತಿ ದವಾಖಾನಿ ಸೇರಿದರ ಕೊಯ್ತಾನ ನಿಲ್ಲತೈತಿ ತಮ್ಮಾ. ಹಾಲು ಕುಡಿಸಾಕ ಇಪ್ಪತ್ತು ಮಿನಿಟು ಸಾಕು."

ಈ ಲೆಕ್ಕ ಅವನಿಗೆ ಹಿಡಿಸಿತು. ಕೂಸುಗಳನ್ನು ಹೊಲಕ್ಕೇ ತರುವುದು, ಬದುವಿನ ಬೇವಿನ ಮರಕ್ಕೆ ಸೀರೆ ಜೋಲಿ ಕಟ್ಟುವುದು, ಗ್ಯಾಂಗಿನ ಒಬ್ಬ ಮುದುಕಿ ನೋಡಿಕೊಳ್ಳುವುದು, ಆಕೆಗೆ ಎಲ್ಲರೂ ಕೂಡಿ ಕೂಲಿ ಕೊಡುವುದು ಎಂದು ಮಾತಾಯಿತು. ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. 5 ಅಥವಾ ಹೆಚ್ಚು ಸಣ್ಣ ಮಕ್ಕಳಿದ್ದ ಕಡೆ ನೋಡಿಕೊಳ್ಳುವ ಹೆಣ್ಣುಮಗಳಿಗೂ ಕೂಲಿ ಕೊಡಬೇಕೆಂದು 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೇ ಬರೆದಿದ್ದರು. ಅದು ಕಬ್ಬಿನ ಹೊಲಕ್ಕೆ ಅನ್ವಯಿಸುತ್ತಿರಲಿಲ್ಲ, ಅಷ್ಟೆ.

ಹೊಲ ದೂರವಿದ್ದು ಕೂಸನ್ನು ಒಯ್ಯಲಾಗದ ದಿನ ಹಾಲು ಹಿಂಡಿಟ್ಟು ಹೋಗಬೇಕು. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಆಗದು, ಪಕ್ಕದಲ್ಲಿ ಕೂತು ತೋರಿಸುತ್ತೇನೆ. ಸಾಬೂನು ಹಚ್ಚಿ ಕೈ ತೊಳೆಯಬೇಕು. ಕಬ್ಬಿನ ಸುಂಕು ಬೆರಳಿಗೆ ಅಂಟಿರುತ್ತದೆ. ಕಪ್ಪು ಭಾಗದ ಅಂಚಿಗೆ ಮೇಲೆ ಹೆಬ್ಬೆರಳು, ಕೆಳಗೆ ತೋರುಬೆರಳು. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳು ಕೂಡಿಸಿ ಬಿಡಬೇಕು. ಚರ್ಮದ ಮೇಲೆ ಜಾರಿಸಬಾರದು. ಮೊದಮೊದಲು ಹನಿ ಮಾತ್ರ ಬರುತ್ತದೆ, ಅಲ್ಲಿಗೇ ಬಿಟ್ಟುಬಿಡುತ್ತಾರೆ. ತುಸು ತಾಳಿದರೆ ಸೂಸಿ ಬರುತ್ತದೆ. ಕುದಿಸಿದ ಸ್ಟೀಲ್ ಡಬ್ಬಿಗೆ ಹಿಂಡಿ, ಮುಚ್ಚಿ, ನೆರಳಲ್ಲಿ ನೀರಿನ ಕೊಡದ ಪಕ್ಕ ಒದ್ದೆ ಬಟ್ಟೆ ಸುತ್ತಿಡುವುದು. 4 ತಾಸಿನೊಳಗೆ ಕುಡಿಸಬೇಕು. ಅದೂ ವಾಟಿ ಚಮಚದಲ್ಲಿ. ಬಾಟಲಿಯ ನಿಪ್ಪಲ್ಲು ಆ ಗುಡಿಸಲಲ್ಲಿ ಸ್ವಚ್ಛವಾಗದು.

"ಹಾಲು ಸಾಲವಲ್ದರಿ" ಎಂದು ಒಬ್ಬಳು ಪುಡಿ ಡಬ್ಬಿ ತರಿಸಿದ್ದಳು. ಕುಡಿಸುವಾಗ ನೋಡಿದೆ: ಕೂಸು ತೊಟ್ಟಿನ ತುದಿಯನ್ನಷ್ಟೇ ಚೀಪುತ್ತಿತ್ತು, ತೊಟ್ಟು ಒಡೆದು ರಕ್ತ ಬರುತ್ತಿತ್ತು. ಅವಳನ್ನು ಕಬ್ಬಿನ ಹೊರೆಗೆ ಬೆನ್ನು ಕೊಟ್ಟು ಕೂರಿಸಿ, ಕೂಸಿನ ಹೊಟ್ಟೆ ಅವಳ ಹೊಟ್ಟೆಗೆ ತಾಗುವಂತೆ ತಿರುಗಿಸಿದೆ. ತೊಟ್ಟನ್ನು ಅದರ ಮೇಲ್ದುಟಿಗೆ ಮುಟ್ಟಿಸಿ ಕಾದೆವು. ಬಾಯಿ ಅಗಲವಾಗಿ ತೆರೆದ ಕೂಡಲೇ ಎದೆಗೆ ಒತ್ತಿ ಹಿಡಿದಳು. ಗದ್ದ ಎದೆಗೆ ತಾಗಿತು, ಕೆಳದುಟಿ ಹೊರಮಗ್ಗುಲಿಗೆ ಮಡಚಿತು, ಗುಟುಕಿನ ಸಪ್ಪಳ ಕೇಳಿಸಿತು. "ಈಗ ನೋಯವಲ್ದು" ಎಂದಳು. ಬರೀ ಎದೆಹಾಲು ಕುಡಿದು ದಿನಕ್ಕೆ ಆರು ಸಲ ಅಥವಾ ಹೆಚ್ಚು ಉಚ್ಚೆ ಹೊಯ್ದರೆ ಹಾಲು ಸಾಲುತ್ತಿದೆ ಅಂತಲೇ ಅರ್ಥ, ಚಿಂತೆ ಬೇಡ ತಂಗಿ ಎಂದೆ. ರಾತ್ರಿ ಬಗಲಿಗೆ ಹಾಕಿಕೊಂಡು ಕುಡಿಸಿದಷ್ಟೂ ಹಾಲು ಹೆಚ್ಚುತ್ತದೆ; ಹಗಲು ದೂರವಿರುವ ತಾಯಿಗೆ ಇದೇ ದೊಡ್ಡ ಆಸರೆ.

ಗ್ಯಾಂಗು ಮುಂದಿನ ಊರಿಗೆ ಹೊರಟರೆ ಅಲ್ಲಿನ ಆಶಾಳಿಗೆ ಫೋನ್ ಮಾಡಿ, ಎಷ್ಟು ಕೂಸುಗಳಿವೆ, ಯಾರಿಗೆ ಎದೆ ಬಿಗಿದಿದೆ ಎಂದು ಹೇಳುತ್ತೇನೆ. ಇನ್ನೂ ಬಗೆಹರಿಯದ್ದು ಆ ಮುದುಕಿಯ ಕೂಲಿ. ಕಡಿಯುವವರ ಜೇಬಿನಿಂದ ಅದು ಹೋಗುವುದು ನನಗೆ ಸರಿ ಕಾಣುವುದಿಲ್ಲ. ಕಾರ್ಖಾನೆಗಳು ಮುಕಾದಮರೊಂದಿಗೆ ಕರಾರು ಮಾಡುವಾಗಲೇ ಅದನ್ನೂ ಸೇರಿಸಬೇಕೆಂದು ನಾವು ಆಶಾಗಳು ಕೂಡಿ ಅರ್ಜಿ ಬರೆಯುತ್ತಿದ್ದೇವೆ.