‘ಒಂಥರಾ ಆಡ್ತಾವ್ನೆ’ ಅಂದಾಗ ಮೊದಲು ಏನು ನೋಡಬೇಕು: ನರ್ಸ್ ಪ್ರಾಕ್ಟೀಷನರ್ ವಿದ್ಯಾರ್ಥಿಗಳಿಗೆ

ಮೈಸೂರಿನ ಕೆ.ಆರ್. ಆಸ್ಪತ್ರೆಯಾಗಲಿ, ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್ ಆಗಲಿ, ರೋಗಿಯನ್ನು ಕರೆತಂದ ಮನೆಯವರು ಕಾಯಿಲೆಯ ಹೆಸರು ಹೇಳುವುದಿಲ್ಲ. ‘ನೆನ್ನೆಯಿಂದ ಒಂಥರಾ ಆಡ್ತಾವ್ನೆ’, ‘ಮಂಕು ಬಡ್ದಂಗೆ ಕುಂತವ್ಳೆ’, ‘ಗಾಳಿ ಮೆಟ್ಕಂಡದೆ’ ಅನ್ನುತ್ತಾರೆ. ನರರೋಗ, ಮನೋರೋಗ, ಹಾರ್ಮೋನ್ ತೊಂದರೆ ಮೂರನ್ನೂ ನೀವು ಬೇರೆ ಬೇರೆ ಅಧ್ಯಾಯದಲ್ಲಿ ಓದಿರುತ್ತೀರಿ. ಹಾಸಿಗೆಯ ಮೇಲೆ ಮೂರೂ ಒಂದೇ ಮುಖ ಹೊತ್ತು ಬರುತ್ತವೆ. ಆದ್ದರಿಂದ ಮಾನಸಿಕ ಕಾಯಿಲೆ ಎಂಬ ತೀರ್ಮಾನ ಎಲ್ಲಕ್ಕಿಂತ ಕೊನೆಗೆ ಬರಲಿ. ಕೇಸ್‌ಶೀಟಿನಲ್ಲಿ ಒಮ್ಮೆ ‘ಸೈಕಿಯಾಟ್ರಿ’ ಎಂದು ಬಿದ್ದರೆ ಮುಂದಿನ ಪಾಳಿಯವರು ರಕ್ತದ ಸೋಡಿಯಂ ಎಷ್ಟೆಂದು ಕೇಳುವುದೇ ಇಲ್ಲ.

ಮೊದಲ ಕೆಲಸ ಗ್ಲುಕೋಮೀಟರ್. ನಾಡಿ, ಬಿಪಿ, ಉಸಿರು, ಜ್ವರ, ಆಕ್ಸಿಜನ್ ನೋಡುವಾಗಲೇ ಬೆರಳು ಚುಚ್ಚಿ. ಸಕ್ಕರೆ ಡೆಸಿಲೀಟರಿಗೆ 70 ಮಿಗ್ರಾಂಗಿಂತ ಕೆಳಗಿದ್ದರೆ ಚಿಕಿತ್ಸೆ ಬೇಕು. 54ಕ್ಕಿಂತ ಕೆಳಗಿಳಿದರೆ ಮಿದುಳು ಸೊರಗುತ್ತದೆ, ರೋಗಿ ಬೈಯಬಹುದು, ಹೊಡೆಯಬಹುದು, ಕುಡಿದವರ ಹಾಗೆ ತೊದಲಬಹುದು. ನುಂಗಬಲ್ಲವರಿಗೆ 15 ಗ್ರಾಂ ಗ್ಲುಕೋಸ್, ಅಂದರೆ ಸುಮಾರು ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕೊಟ್ಟು 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ. ಪ್ರೋಟೋಕಾಲ್ ಪ್ರಕಾರ 25% ಡೆಕ್ಸ್ಟ್ರೋಸ್ (ಗ್ಲುಕೋಸ್ ದ್ರಾವಣ) 100 ಮಿಲೀ ರಕ್ತನಾಳಕ್ಕೆ ಹೋಗಲಿ. ಕುಡಿತದವರಿಗೆ, ಊಟ ಬಿಟ್ಟು ಸೊರಗಿದವರಿಗೆ ಜೊತೆಗೇ ಥಯಮಿನ್ (ವಿಟಮಿನ್ ಬಿ1) ಬೇಕು, ಆದರೆ ಅದಕ್ಕಾಗಿ ಡೆಕ್ಸ್ಟ್ರೋಸ್ ತಡೆಯಬಾರದು.

ಎಡವಟ್ಟಾಗುವುದು ಇದಾದ ಮೇಲೆ. ಸಕ್ಕರೆ ಕಾಯಿಲೆಯ ಮಾತ್ರೆಗಳಾದ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ನುಂಗಿದ, ಮೂತ್ರಪಿಂಡ ದುರ್ಬಲವಾದ ಅಜ್ಜನಿಗೆ ಡೆಕ್ಸ್ಟ್ರೋಸ್ ಕೊಟ್ಟೊಡನೆ ಮಾತು ಬರುತ್ತದೆ, ಮನೆಯವರು ಹೊರಡುತ್ತಾರೆ. ಮಾತ್ರೆ ಮೈಯಲ್ಲಿ ಉಳಿದೇ ಇರುತ್ತದೆ, ರಾತ್ರಿ ಸಕ್ಕರೆ ಮತ್ತೆ ಕುಸಿಯುತ್ತದೆ. ಕನಿಷ್ಠ 24 ಗಂಟೆ ಇರಿಸಿಕೊಂಡು ಮೇಲಿಂದ ಮೇಲೆ ಸಕ್ಕರೆ ನೋಡಬೇಕು. ಮಾತ್ರೆಯ ಹೆಸರು ಕೇಳಬೇಡಿ, ಖಾಲಿ ಸ್ಟ್ರಿಪ್ ತರಿಸಿ.

ಎರಡನೆಯದು ಗಮನದ ಪರೀಕ್ಷೆ. ವಾರದ ಹೆಸರುಗಳನ್ನು ಶನಿವಾರದಿಂದ ಹಿಂದಕ್ಕೆ ಹೇಳಿಸಿ. ಶಾಲೆ ಕಲಿತವರಾದರೆ 20ರಿಂದ 1ಕ್ಕೆ ಇಳಿಯಲಿ. ಶನಿ, ಶುಕ್ರ ಎಂದು ಹೇಳಿ ನಡುವೆ ಕಿಟಕಿ ನೋಡುತ್ತಾ ಪ್ರಶ್ನೆಯನ್ನೇ ಮರೆತರೆ ಡೆಲಿರಿಯಂ (ದೇಹದ ತೊಂದರೆಯಿಂದ ತಟ್ಟನೆ ಬರುವ ಬುದ್ಧಿಯ ಗೊಂದಲ) ಶಂಕಿಸಿ. ಗಂಟೆಗೊಂದು ರೀತಿ ಬದಲಾಗುವುದು ಅದರ ಗುರುತು, ರಾತ್ರಿ ಜೊತೆಗಿದ್ದವರನ್ನು ಕೇಳಿದರೆ ತಿಳಿಯುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಸಾಮಾನ್ಯವಾಗಿ ಎಚ್ಚರ ಸರಿಯಿರುತ್ತದೆ, ಕಿವಿಗೆ ದನಿ ಕೇಳುತ್ತದೆ. ಗೋಡೆಯ ಮೇಲೆ ಹುಳ ಕಾಣುವುದು, ಹೊದಿಕೆ ಹೆಕ್ಕುವುದು, 45 ದಾಟಿದ ಮೇಲೆ ಮೊದಲ ಬಾರಿ ಭ್ರಮೆ ಕಾಣಿಸುವುದು ದೇಹದ ಕಾಯಿಲೆಯತ್ತ ಬೊಟ್ಟು ಮಾಡುತ್ತವೆ. ಕೂಗಾಡುವವರನ್ನು ಎಲ್ಲರೂ ನೋಡುತ್ತಾರೆ. ಮೂಲೆಯ ಹಾಸಿಗೆಯಲ್ಲಿ ಸುಮ್ಮನೆ ಮಲಗಿದ ಡೆಲಿರಿಯಂ ರೋಗಿ ತಪ್ಪಿಹೋಗುತ್ತಾರೆ.

ಕುಡಿತ ನಿಂತ ಹೊತ್ತನ್ನೂ ಲೆಕ್ಕ ಹಾಕಿ. 6ರಿಂದ 24 ಗಂಟೆಯೊಳಗೆ ಕೈನಡುಕ, ಹೆಚ್ಚಾಗಿ 48 ಗಂಟೆಯೊಳಗೆ ಫಿಟ್ಸ್, 48ರಿಂದ 96 ಗಂಟೆಯ ನಡುವೆ ಡೆಲಿರಿಯಂ ಟ್ರೆಮೆನ್ಸ್, ಅಂದರೆ ಕುಡಿತ ನಿಂತಾಗ ನಡುಕದ ಜೊತೆ ಬರುವ ತೀವ್ರ ಡೆಲಿರಿಯಂ. ಮೂಳೆ ಮುರಿದು ಸೋಮವಾರ ದಾಖಲಾದವರು ಬುಧವಾರ ರಾತ್ರಿ ಡ್ರಿಪ್ ಕಿತ್ತು ಓಡುವುದು ಹೆಚ್ಚಾಗಿ ಇದರಿಂದಲೇ.

ಪಾರ್ಶ್ವವಾಯುವಿನ ಒಂದು ಬಗೆ ಸುಲಭವಾಗಿ ಮೋಸ ಮಾಡುತ್ತದೆ. ಕೈಕಾಲು ಆಡುತ್ತವೆ, ಮಾತು ಧಾರಾಳವಾಗಿ ಬರುತ್ತದೆ, ಅರ್ಥವೇ ಇರುವುದಿಲ್ಲ. ಪೆನ್ನು, ಗಡಿಯಾರ ತೋರಿಸಿ ಹೆಸರು ಕೇಳಿ. ಕೈಸನ್ನೆ ಮಾಡದೆ ‘ಕಣ್ಣು ಮುಚ್ಚಿ’ ಎನ್ನಿ. ಮಾಡದಿದ್ದರೆ ಮಿದುಳಿನ ಭಾಷೆಯ ಭಾಗಕ್ಕೇ ಪೆಟ್ಟಾಗಿರಬಹುದು. ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂದು ಬರೆದುಕೊಳ್ಳಿ, ಹೆಪ್ಪು ಕರಗಿಸುವ ಔಷಧಿಗಿರುವ 4.5 ಗಂಟೆ ಅಲ್ಲಿಂದ ಶುರು.

ರಕ್ತದ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಬಿಪಿಗೆ ಥಯಜೈಡ್, ಖಿನ್ನತೆಗೆ ಎಸ್ಸಿಟಾಲೊಪ್ರಾಮ್ ಎರಡೂ ತೆಗೆದುಕೊಳ್ಳುವ ವಯಸ್ಸಾದ ಹೆಂಗಸರಲ್ಲಿ ಮೊದಲು ಸೋಡಿಯಂ ಇಳಿದಿರುವುದನ್ನೇ ಶಂಕಿಸಿ. ದಿನಗಟ್ಟಲೆ ಇಳಿದಿದ್ದನ್ನು ಒಂದೇ ದಿನದಲ್ಲಿ ಏರಿಸಬಾರದು. ಏರಿಕೆ 24 ಗಂಟೆಗೆ 8 ದಾಟದಿರಲಿ, ದಾಟಿದರೆ ಮಿದುಳಿನ ನರಗಳ ಹೊದಿಕೆ ಹಾಳಾಗಬಹುದು.

ಥೈರಾಯ್ಡ್ ಕುಗ್ಗಿದರೆ ಖಿನ್ನತೆಯಂತೆಯೇ ಕಾಣುತ್ತದೆ: ನಿಧಾನದ ಮಾತು, ಮರೆವು, ಮಲಬದ್ಧತೆ, ಚಳಿ ತಡೆಯದಿರುವುದು. ರೋಗಿಯನ್ನು ಕುರ್ಚಿಯ ಮೇಲೆ ಮಂಡಿಯೂರಿಸಿ ಹಿಮ್ಮಡಿಯ ಸ್ನಾಯುರಜ್ಜು ತಟ್ಟಿ. ಪಾದ ಚಕ್ಕನೆ ಎದ್ದು ನಿಧಾನವಾಗಿ ಮರಳಿದರೆ ಥೈರಾಯ್ಡಿನ ರಕ್ತಪರೀಕ್ಷೆ ಟಿಎಸ್‌ಎಚ್ ಕಳಿಸಿ. ಇದಕ್ಕೆ ಕೊಡುವ ಥೈರಾಕ್ಸಿನ್ ಮಾತ್ರೆ ಹಸಿದ ಹೊಟ್ಟೆಗೆ, ಬರೀ ನೀರಿನಲ್ಲಿ. ಬೆಳಗಿನ ಫಿಲ್ಟರ್ ಕಾಫಿಗೆ ಅರ್ಧದಿಂದ ಒಂದು ಗಂಟೆ ತಡೆಯಲಿ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ 4 ಗಂಟೆ ಅಂತರವಿರಲಿ. ಟಿಎಸ್‌ಎಚ್ ಮತ್ತೆ ನೋಡುವುದು 6ರಿಂದ 8 ವಾರಕ್ಕೆ. ಥೈರಾಯ್ಡ್ ಹೆಚ್ಚಾದವರನ್ನು ಆತಂಕದವರೆಂದು ಕಳಿಸಿಬಿಡುವುದುಂಟು. ನಿದ್ದೆಯಲ್ಲಿ ನಾಡಿ ಎಣಿಸಿ. ಆತಂಕದವರದು ಇಳಿಯುತ್ತದೆ, ಇವರದು ಓಡುತ್ತಲೇ ಇರುತ್ತದೆ, ಅಂಗೈಯೂ ಬೆಚ್ಚಗೆ ಒದ್ದೆಯಾಗಿರುತ್ತದೆ.

ಬಾಣಂತಿಯ ವಿಷಯದಲ್ಲಿ ಮಾತ್ರ ಒಂದಿಷ್ಟೂ ಸಡಿಲ ಬೇಡ. ಚೆಲುವಾಂಬ ಆಸ್ಪತ್ರೆಯಂಥ ಹೆರಿಗೆ ವಾರ್ಡಿನಲ್ಲಿ ನರರೋಗ, ಮನೋರೋಗ, ಹಾರ್ಮೋನ್ ಮೂರೂ ದಾರಿ ಕೂಡುತ್ತವೆ. ಹೆರಿಗೆಯ ನಂತರದ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮನೋರೋಗ) ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಬರುತ್ತದೆ: ನಿದ್ದೆಯಿಲ್ಲ, ಮಗು ತನ್ನದಲ್ಲ ಎಂಬ ಮಾತು. ತಾಯಿಮಗುವನ್ನು ಒಂಟಿಯಾಗಿ ಬಿಡಬೇಡಿ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಯೋಚನೆ ಹುಟ್ಟುವುದಿಲ್ಲ. ಅದೇ ದಿನಗಳಲ್ಲಿ ಬಿಡದ ತಲೆನೋವು, ಮಂಜುಗಣ್ಣು, ಫಿಟ್ಸ್ ಇದ್ದರೆ ಮಿದುಳಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ತುರ್ತಾಗಿ ಸ್ಕ್ಯಾನ್ ಆಗಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವ ನಮ್ಮ ಕಡೆಯ ರೂಢಿ ಈ ಅಪಾಯಕ್ಕೆ ಇಂಬು ಕೊಡುತ್ತದೆ, ಇದನ್ನು ಅತ್ತೆಗೂ ತಾಯಿಗೂ ಬಿಡಿಸಿ ಹೇಳಿ.

ಶೀಹಾನ್ ಸಿಂಡ್ರೋಮ್ ವರ್ಷಗಟ್ಟಲೆ ಖಿನ್ನತೆಯೆಂಬ ಹೆಸರಿನಲ್ಲಿ ಅಡಗಿರುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಥೈರಾಯ್ಡ್ ಮತ್ತು ಸ್ಟಿರಾಯ್ಡ್ ಹಾರ್ಮೋನುಗಳನ್ನು ನಡೆಸುವ ಪಿಟ್ಯುಟರಿ ಗ್ರಂಥಿ ಸತ್ತಿರುತ್ತದೆ. ಮೂರು ಪ್ರಶ್ನೆ ಸಾಕು: ಆಗ ರಕ್ತ ಏರಿಸಿದ್ದರೇ, ಎದೆಹಾಲು ಬಂತೇ, ಮುಟ್ಟು ಮರಳಿತೇ? ಇವರಿಗೆ ಸ್ಟಿರಾಯ್ಡ್ ಕೊಡದೆ ಥೈರಾಕ್ಸಿನ್ ಶುರುಮಾಡಿದರೆ ಬಿಪಿ ಕುಸಿದು ಪ್ರಾಣಕ್ಕೇ ಕುತ್ತು. ಮಂಡಿನೋವಿಗೆಂದು ತಿಂಗಳುಗಟ್ಟಲೆ ಸ್ಟಿರಾಯ್ಡ್ ನುಂಗಿ ತಟ್ಟನೆ ಬಿಟ್ಟವರಲ್ಲೂ ಬಿಪಿ, ಸೋಡಿಯಂ, ಸಕ್ಕರೆ ಇಳಿಯಬಹುದು. ಅಲ್ಲಿ ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡ್ 100 ಮಿಗ್ರಾಂ ತಡವಾಗಬಾರದು.

ಔಷಧಿಯದೇ ಕಾಟವೂ ಉಂಟು. ಮನೋರೋಗದ ಔಷಧಿ ಹ್ಯಾಲೊಪೆರಿಡಾಲ್ ಕೊಟ್ಟ ಕೆಲ ಗಂಟೆ ಅಥವಾ ದಿನಗಳಲ್ಲಿ ಕತ್ತು ತಿರುಚಿ ಕಣ್ಣು ಮೇಲೆ ಸಿಕ್ಕಿಕೊಂಡರೆ ಅದು ಡಿಸ್ಟೋನಿಯಾ, ಪ್ರೊಮೆಥಜೀನ್ ಚುಚ್ಚುಮದ್ದಿಗೆ ಇಳಿಯುತ್ತದೆ. ಜ್ವರದ ಜೊತೆ ಮೈ ಸೆಟೆದರೆ ಔಷಧಿ ನಿಲ್ಲಿಸಿ ವೈದ್ಯರನ್ನು ಕರೆಯಿರಿ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಮಟ್ಟ ನೋಡಲು ರಕ್ತ ತೆಗೆಯುವುದು ಕೊನೆಯ ಡೋಸ್ ಆಗಿ 12 ಗಂಟೆಗೆ.

ಪಾಳಿ ಬದಲಾಗುವಾಗ ‘ರೋಗಿ ಗಲಾಟೆ’ ಎಂದು ಬರೆಯಬೇಡಿ. ಹೀಗೆ ಬರೆಯಿರಿ: ‘ಕೊನೆಯದಾಗಿ ಸರಿಯಿದ್ದದ್ದು ನಿನ್ನೆ ರಾತ್ರಿ 9. ಸಕ್ಕರೆ 112. ವಾರದ ಹೆಸರು ಹಿಂದಕ್ಕೆ ಎರಡೇ ಹೇಳಿದರು. ಪಾಪೆ ಎರಡೂ ಸಮ. ಸೋಡಿಯಂ, ಟಿಎಸ್‌ಎಚ್ ಕಳಿಸಿದೆ, ವರದಿ ಬಂದಿಲ್ಲ.’