ಕೊನೆಯ ಮಹಡಿಯ ಮನೆ ತಂಪಾಗಿರಲಿ, ಮೀಟರ್ 200 ದಾಟದಿರಲಿ

ಏಪ್ರಿಲ್‌ನಲ್ಲಿ ಒಂದು ರಾತ್ರಿ ಹತ್ತು ಗಂಟೆಗೆ ಸ್ಟೂಲ್ ಹತ್ತಿ, ಮಲಗುವ ಕೋಣೆಯ ಸೀಲಿಂಗ್‌ಗೆ ಅಂಗೈ ಒತ್ತಿ ನೋಡಿ. ಫ್ಯಾನ್ ಆಫ್ ಮಾಡಿಯೇ ಹತ್ತಿ. ನಿಮ್ಮದು ಕೊನೆಯ ಮಹಡಿಯಾದರೆ, ಈಗಷ್ಟೇ ಇಸ್ತ್ರಿ ಮಾಡಿಟ್ಟ ಬಟ್ಟೆಯ ಹಾಗೆ ಕೈಗೆ ಬೆಚ್ಚಗೆ ತಾಗುತ್ತದೆ. ಸೂರ್ಯ ಮುಳುಗಿ ಮೂರು ಗಂಟೆಗೂ ಮೇಲಾಗಿರುತ್ತದೆ, ಹೊರಗೆ ಗಾಳಿ ತಂಪಾಗಿರುತ್ತದೆ. ಮನೆಯೊಳಗೆ ಮಾತ್ರ ಧಗೆ. ಕಾಂಕ್ರೀಟ್ ಹಗಲೆಲ್ಲ ಕುಡಿದ ಬಿಸಿಲನ್ನು ರಾತ್ರಿಯೆಲ್ಲ ಕೆಳಗೆ ಇಳಿಸುತ್ತಿರುತ್ತದೆ. ಫ್ಯಾನ್ ಹಾಕಿದರೆ ಆ ಬಿಸಿಗಾಳಿಯೇ ಮೈಮೇಲೆ ಬರುತ್ತದೆ.

ಬೆಂಗಳೂರಿನಲ್ಲಿ ನಮ್ಮ ಮನೆಯೂ ಹೀಗೇ ಇತ್ತು. ನಾಲ್ಕನೇ ಮಹಡಿ, ಅದೇ ಕೊನೆಯದು, ಬಾಲ್ಕನಿ ಪಶ್ಚಿಮಕ್ಕೆ. ಮೊದಲ ಬೇಸಿಗೆಗೇ ಎ.ಸಿ. ಅಂಗಡಿಗೆ ಓಡಿದೆವು. ಈಗ ಅನಿಸುತ್ತದೆ, ಎ.ಸಿ. ಕೊನೆಗೆ ಯೋಚಿಸಬೇಕಾದ ವಿಷಯ. ಮೊದಲು ಬಿಸಿಲು ಒಳಗೆ ಬರದ ಹಾಗೆ ತಡೆಯಬೇಕು. ಬಂದ ಕಾವನ್ನು ರಾತ್ರಿ ಹೊರಗೆ ಕಳಿಸಬೇಕು. ಆಮೇಲೆ ಫ್ಯಾನು. ಅದಕ್ಕೂ ಸಾಲದಿದ್ದರೆ ಮಾತ್ರ ಎ.ಸಿ.

ಗೃಹಜ್ಯೋತಿ ಬಂದ ಮೇಲೆ ಈ ಕ್ರಮಕ್ಕೆ ಬೆಲೆ ಇನ್ನೂ ಹೆಚ್ಚಿದೆ. 2022-23ರ ನಿಮ್ಮ ತಿಂಗಳ ಸರಾಸರಿಗೆ ಶೇ 10 ಸೇರಿಸಿದಷ್ಟು ಯೂನಿಟ್ ಉಚಿತ. ಅದನ್ನು ಮೀರಿದರೆ ಮೀರಿದಷ್ಟಕ್ಕೆ ಮಾತ್ರ ದುಡ್ಡು. ಆದರೆ 200 ದಾಟಿತೋ, ಪೂರ್ತಿ ಬಿಲ್ ನಮ್ಮ ತಲೆಗೇ. ವರ್ಷವೆಲ್ಲ 150ರ ಆಸುಪಾಸಿನಲ್ಲಿ ಇರುವ ಮನೆಗಳು ಈ ಗೆರೆ ದಾಟುವುದು ಏಪ್ರಿಲ್, ಮೇ ತಿಂಗಳಲ್ಲೇ.

ಮೊದಲು ಬಿಸಿಲು ಎಲ್ಲಿಂದ ಬರುತ್ತದೆ ನೋಡಿ

ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನಿಲ್ಲುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಕಲಬುರಗಿಯಲ್ಲಿ ಇದು ಮೇ ಎರಡನೇ ವಾರದಲ್ಲಿ. ಆ ದಿನಗಳಲ್ಲಿ ದಕ್ಷಿಣದ ಕಿಟಕಿಗೆ ಬಿಸಿಲು ಹೆಚ್ಚೇನೂ ಬೀಳುವುದಿಲ್ಲ, ಮೇಲಿನ ಸಜ್ಜಾ ಸಾಕು. ಬಿಸಿಲನ್ನೆಲ್ಲ ತಿನ್ನುವುದು ಎರಡೇ ಜಾಗ. ಒಂದು ತಾರಸಿ. ಇನ್ನೊಂದು, ಮಧ್ಯಾಹ್ನ ಮೂರರ ನಂತರ ಪಶ್ಚಿಮದ ಗೋಡೆ ಮತ್ತು ಕಿಟಕಿ. ದುಡ್ಡು ಖರ್ಚು ಮಾಡುವುದಿದ್ದರೆ ಈ ಎರಡಕ್ಕೆ ಮಾಡಿ. ನಡುವಿನ ಮಹಡಿಯವರಿಗೆ ತಾರಸಿಯ ಚಿಂತೆ ಇಲ್ಲ, ಪಶ್ಚಿಮ ನೋಡಿಕೊಂಡರೆ ಸಾಕು.

ತಾರಸಿಗೆ ಬಿಳಿ ಬಳಿಯಿರಿ

ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ. ಕಪ್ಪಿಟ್ಟ ಸಿಮೆಂಟು ಬಿಸಿಲನ್ನು ಹೀರುತ್ತದೆ, ಬಿಳಿ ಸುಣ್ಣ ಅದನ್ನು ಆಕಾಶಕ್ಕೇ ವಾಪಸ್ ಕಳಿಸುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಬರಿಗಾಲಲ್ಲಿ ಸಿಮೆಂಟಿನ ಮೇಲೆ ನಿಲ್ಲಲು ಆಗುವುದಿಲ್ಲ. ಪಕ್ಕದಲ್ಲೇ ಸುಣ್ಣ ಬಳಿದ ಜಾಗದಲ್ಲಿ ನಿಲ್ಲಬಹುದು. ಒಂದು ಮೂಲೆಯಲ್ಲಿ ಸ್ವಲ್ಪ ಬಳಿದು ನೀವೇ ನೋಡಿ.

ತಾರಸಿ ಎಲ್ಲರದು, ಆದ್ದರಿಂದ ಅಸೋಸಿಯೇಷನ್‌ನಲ್ಲಿ ಮೊದಲೇ ಒಂದು ಮಾತು ಹೇಳಿ. ನಾವು ಕೇಳಿದಾಗ ಯಾರೂ ಬೇಡ ಅನ್ನಲಿಲ್ಲ.

ಕೆಲಸ ಹೀಗೆ: ಫೆಬ್ರುವರಿ ಕೊನೆಗೆ ತಾರಸಿ ಚೆನ್ನಾಗಿ ಗುಡಿಸಿ, ಪಾಚಿ ಉಜ್ಜಿ ತೆಗೆಯಿರಿ. ಬಿರುಕಿದ್ದರೆ ಮುಚ್ಚಿಸಿ. ಸುಣ್ಣವನ್ನು ಹಿಂದಿನ ದಿನವೇ ನೀರಿಗೆ ಹಾಕಿ ಅರಳಿಸಿಡಿ. ಅರಳುವಾಗ ಅದು ಕುದಿಯುತ್ತದೆ, ಸಿಡಿದರೆ ಕಣ್ಣಿಗೆ ಅಪಾಯ. ಮಕ್ಕಳನ್ನು ದೂರವಿಡಿ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಮರುದಿನ ಸೋಸಿ, ಬಡಗಿಗಳು ಬಳಸುವ ಬಿಳಿ ಅಂಟನ್ನು ಅದಕ್ಕೆ ಬೆರೆಸಿ. ನೆಲವನ್ನು ಸ್ವಲ್ಪ ಒದ್ದೆ ಮಾಡಿ, ಬೆಳಿಗ್ಗೆ ಎಂಟರೊಳಗೆ ಒಂದು ಕೋಟ್ ಬಳಿಯಿರಿ. ಅದು ಒಣಗಿದ ಮೇಲೆ ಅಡ್ಡಡ್ಡಕ್ಕೆ ಇನ್ನೊಂದು. ಬಿಸಿಲೇರಿದ ಮೇಲೆ ಬಿಳಿ ನೆಲ ಕಣ್ಣು ಕುಕ್ಕುತ್ತದೆ, ಆಗ ನಿಂತು ಕೆಲಸ ಮಾಡಬೇಡಿ.

ಮೊದಲ ವರ್ಷ ನಾವು ಅಂಟು ಹಾಕಲಿಲ್ಲ. ಏಪ್ರಿಲ್ ನಡುವೆ ಬಂದ ಒಂದೇ ಒಂದು ಜೋರು ಮಳೆಗೆ ಸುಣ್ಣವೆಲ್ಲ ಪೈಪಿನಲ್ಲಿ ಇಳಿದು ಹೋಯಿತು. ಎರಡನೇ ವರ್ಷ ಅಂಟು ಹಾಕಿದ್ದು ಮಳೆಗಾಲದವರೆಗೆ ನಿಂತಿತು. ಕೈ ಬಿಚ್ಚಿ ಖರ್ಚು ಮಾಡಬಹುದಾದರೆ ಬಿಸಿಲು ತಡೆಯುವ ಬಿಳಿ ರೂಫ್ ಪೇಂಟ್ ಸಿಗುತ್ತದೆ, ಅದು ಕೆಲವು ವರ್ಷ ಬಾಳುತ್ತದೆ. ಯಾವುದನ್ನು ಬಳಿದರೂ ಧೂಳು ಕೂತರೆ ಪ್ರಯೋಜನ ಇಲ್ಲ, ವಾರಕ್ಕೊಮ್ಮೆ ಗುಡಿಸಬೇಕು.

ಸಂಜೆ ತಾರಸಿಗೆ ನೀರು ಚಿಮುಕಿಸುವ ಅಭ್ಯಾಸ ತುಂಬಾ ಕಡೆ ಇದೆ. ತಂಪಾಗುವುದು ನಿಜ. ಆದರೆ 2024ರ ಬೇಸಿಗೆಯಲ್ಲಿ ಕೊಡ ನೀರಿಗೂ ಟ್ಯಾಂಕರ್ ಕಾದ ಊರಿನಲ್ಲಿ ಕುಡಿಯುವ ನೀರನ್ನು ಕಾಂಕ್ರೀಟಿಗೆ ಸುರಿಯಲು ನನಗೆ ಮನಸ್ಸು ಬರುವುದಿಲ್ಲ.

ಪಶ್ಚಿಮದ ಕಿಟಕಿಗೆ ಹೊರಗಿನಿಂದ ಮರೆ ಕಟ್ಟಿ

ಎಷ್ಟೋ ಜನ ಒಳಗೆ ದಪ್ಪ ಪರದೆ ಹಾಕಿ ಸುಮ್ಮನಾಗುತ್ತಾರೆ. ಗಾಜು ದಾಟಿದ ಬಿಸಿಲು ಆಗಲೇ ಒಳಗೆ ಬಂದಾಯಿತು. ಪರದೆ ಕಾಯುತ್ತದೆ, ಪರದೆಯಿಂದ ಕೋಣೆ ಕಾಯುತ್ತದೆ. ಸಂಜೆ ನಾಲ್ಕಕ್ಕೆ ಗಾಜು ಮತ್ತು ಪರದೆಯ ನಡುವೆ ಕೈ ಹಾಕಿ ನೋಡಿ, ಒಲೆಯ ಮುಂದೆ ಹಿಡಿದಂತೆ ಝಳ ಹೊಡೆಯುತ್ತದೆ.

ಆದ್ದರಿಂದ ಮರೆ ಗಾಜಿನ ಹೊರಗಿರಬೇಕು. ಬಾಲ್ಕನಿಗೆ ಬಿದಿರಿನ ಸುರುಳಿ ಪರದೆ ಒಳ್ಳೆಯದು, ಬಿಸಿಲು ತಡೆಯುತ್ತದೆ, ಗಾಳಿ ಬಿಡುತ್ತದೆ. ಬರಿ ಕಿಟಕಿಯಾದರೆ ನರ್ಸರಿಗಳಲ್ಲಿ ಬಳಸುವ ಹಸಿರು ನೆಟ್ಟನ್ನು ಗ್ರಿಲ್‌ನ ಹೊರಗೆ, ಗಾಜಿನಿಂದ ಒಂದು ಗೇಣು ದೂರಕ್ಕೆ ಬಿಗಿಯಿರಿ. ಬಾಡಿಗೆ ಮನೆಯವರೂ ಇದನ್ನು ಮಾಡಬಹುದು, ಗೋಡೆಗೆ ಮೊಳೆ ಹೊಡೆಯುವುದೇ ಬೇಡ. ಲಾವಂಚದ ಪರದೆ ಸಿಕ್ಕರೆ ಇನ್ನೂ ಸೊಗಸು. ನೀರು ಚಿಮುಕಿಸಿದರೆ ತಂಪಿನ ಜೊತೆ ಆ ಬೇರಿನ ಪರಿಮಳವೂ ಒಳಗೆ ಬರುತ್ತದೆ.

ಕಿಟಕಿಗೆ ವೇಳಾಪಟ್ಟಿ ಇರಲಿ

ಇಲ್ಲಿ ಊರಿಂದ ಊರಿಗೆ ಲೆಕ್ಕ ಬೇರೆ. ಬೆಂಗಳೂರು, ಮೈಸೂರಿನಲ್ಲಿ ಹಗಲಿಗೂ ರಾತ್ರಿಗೂ ಹತ್ತು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರುತ್ತದೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಿಟಕಿ ಮುಚ್ಚಿ, ಸಂಜೆ ಹೊರಗೆ ತಂಪಾದ ಮೇಲೆ ಎದುರು ಬದುರು ಕಿಟಕಿ ತೆರೆಯಿರಿ. ಗಾಳಿ ಆಡದಿದ್ದರೆ ಒಂದು ಟೇಬಲ್ ಫ್ಯಾನನ್ನು ಕಿಟಕಿಯ ಹತ್ತಿರ ಹೊರಗೆ ಮುಖ ಮಾಡಿಡಿ. ಅದು ಒಳಗಿನ ಬಿಸಿಗಾಳಿಯನ್ನು ಆಚೆ ದಬ್ಬುತ್ತದೆ, ಬೇರೆ ಕಿಟಕಿಗಳಿಂದ ತಂಪು ಗಾಳಿ ತಾನಾಗೇ ನುಗ್ಗುತ್ತದೆ. ಕಿಟಕಿಗೆ ಸೊಳ್ಳೆ ಪರದೆ ಇಲ್ಲದಿದ್ದರೆ ಇದು ಯಾವುದೂ ನಡೆಯುವುದಿಲ್ಲ, ಅದನ್ನು ಮೊದಲು ಹಾಕಿಸಿ.

ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಹಗಲು ಕಿಟಕಿ ತೆರೆದರೆ ಕೆಂಡದಂಥ ಗಾಳಿ. ಬಿಗಿಯಾಗಿ ಮುಚ್ಚಿಡುವುದೇ ಸರಿ. ಮಂಗಳೂರಿನ ಸೆಕೆ ಬೇರೆಯದೇ. ರಾತ್ರಿಯೂ ತಂಪಾಗುವುದಿಲ್ಲ, ಮೈ ಬೆವರು ಆರುವುದಿಲ್ಲ. ಅಲ್ಲಿ ಬಿಸಿಲಿಗೆ ಮರೆ ಕಟ್ಟಿಕೊಂಡು ಹಗಲೂ ಗಾಳಿ ಆಡಲು ಬಿಡಬೇಕು.

ಫ್ಯಾನಿನ ಲೆಕ್ಕ

ಹಳೆಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್. ದಿನಕ್ಕೆ 16 ಗಂಟೆ ತಿರುಗಿದರೆ ತಿಂಗಳಿಗೆ 36 ಯೂನಿಟ್. ಕಡಿಮೆ ವಿದ್ಯುತ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವ್ಯಾಟ್, ಅಷ್ಟೇ ಹೊತ್ತಿಗೆ 14 ಯೂನಿಟ್ ಚಿಲ್ಲರೆ. ಮೂರು ಫ್ಯಾನ್ ಇರುವ ಮನೆಯಲ್ಲಿ ತಿಂಗಳಿಗೆ 60ಕ್ಕೂ ಹೆಚ್ಚು ಯೂನಿಟ್ ಉಳಿತಾಯ. 200ರ ಗೆರೆಯ ಆಚೆ ಈಚೆ ಇರುವವರಿಗೆ ಇದು ಸಣ್ಣದಲ್ಲ ಅಲ್ವಾ? ಮೂರನ್ನೂ ಒಟ್ಟಿಗೆ ಬದಲಿಸಬೇಕಿಲ್ಲ, ಜಾಸ್ತಿ ತಿರುಗುವ ಹಾಲ್‌ನ ಫ್ಯಾನಿನಿಂದ ಶುರು ಮಾಡಿ. ಇವು ರಿಮೋಟ್‌ನಿಂದ ನಡೆಯುತ್ತವೆ, ಗೋಡೆಯ ಹಳೆ ರೆಗ್ಯುಲೇಟರನ್ನು ಎಲೆಕ್ಟ್ರಿಷಿಯನ್ ಕೈಲಿ ತೆಗೆಸಿಬಿಡಿ.

ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ಬೆವರು ಆರಿಸಿ ಮೈಯನ್ನು ತಂಪು ಮಾಡುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಅದು ತಿರುಗುವುದು ದಂಡ.

ಅಡುಗೆ ಬೆಳಿಗ್ಗೆಯೇ ಮುಗಿಸಿ. ಫ್ರಿಜ್ ಹಿಂದೆ ಗೋಡೆಗೆ ಒಂದು ಗೇಣು ಜಾಗ ಬಿಡಿ. ಕುಡಿಯಲು ಮಣ್ಣಿನ ಹೂಜಿ ಇಟ್ಟರೆ ಫ್ರಿಜ್ ಬಾಗಿಲು ತೆಗೆಯುವುದೂ ಕಡಿಮೆಯಾಗುತ್ತದೆ.

ಇಷ್ಟಾದರೂ ಸಾಲದಿದ್ದರೆ

ಒಣ ಊರುಗಳಲ್ಲಿ ಕೂಲರ್ ಸಾಕು. ಗಂಟೆಗೆ ಕಾಲು ಯೂನಿಟ್ಟೂ ಮುಟ್ಟುವುದಿಲ್ಲ. ಎದುರಿನ ಕಿಟಕಿ ಸ್ವಲ್ಪ ತೆರೆದಿರಬೇಕು, ಇಲ್ಲದಿದ್ದರೆ ಕೋಣೆಯೆಲ್ಲ ತೇವ. ಕರಾವಳಿಯಲ್ಲಿ ಕೂಲರ್‌ಗೆ ದುಡ್ಡು ಹಾಕಬೇಡಿ.

ಒಂದೂವರೆ ಟನ್ನಿನ ಎ.ಸಿ. ಪೂರ್ತಿ ಓಡುವಾಗ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ಎಳೆಯುತ್ತದೆ. 2020ರಿಂದ ಹೊಸ ಎ.ಸಿ.ಗಳು 24ರಲ್ಲೇ ಶುರುವಾಗಬೇಕೆಂಬ ನಿಯಮವಿದೆ. ಒಂದೊಂದು ಡಿಗ್ರಿ ಏರಿಸಿದಷ್ಟೂ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಕೇಂದ್ರದ ಇಂಧನ ದಕ್ಷತಾ ಸಂಸ್ಥೆಯ ಲೆಕ್ಕ. ನಮ್ಮ ಮನೆಯಲ್ಲಿ 26ಕ್ಕೆ ಇಟ್ಟು, ಸೀಲಿಂಗ್ ಫ್ಯಾನ್ ನಿಧಾನಕ್ಕೆ ಬಿಟ್ಟು, ಎರಡು ಗಂಟೆ ಕಾಲ ಓಡುವಂತೆ ಟೈಮರ್ ಹಾಕುತ್ತೇವೆ. ಆಫ್ ಆಗುವ ಹೊತ್ತಿಗೆ ಎಲ್ಲರಿಗೂ ನಿದ್ದೆ ಹತ್ತಿರುತ್ತದೆ. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ.

ಮನೆಯಲ್ಲಿ ವಯಸ್ಸಾದವರೋ ಹಸುಗೂಸೋ ಇದ್ದರೆ, ಸೆಕೆ ವಿಪರೀತವಾದ ದಿನ ಯೂನಿಟ್ ಎಣಿಸುತ್ತಾ ಕೂರಬೇಡಿ, ಎ.ಸಿ. ಹಾಕಿ. 40 ಡಿಗ್ರಿ ದಾಟಿದ ಮೇಲೆ ಬರಿ ಫ್ಯಾನಿನ ಗಾಳಿ ಮೈಯನ್ನು ಇನ್ನಷ್ಟು ಕಾಯಿಸುತ್ತದೆ. ಒದ್ದೆ ಬಟ್ಟೆಯಲ್ಲಿ ಕತ್ತು, ಕೈಕಾಲು ಒರೆಸುತ್ತಾ ಇರಿ. ಮೈ ಸುಡುತ್ತಾ ಮಾತು ತೊದಲಿದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.